ನ್ಯೂಯಾರ್ಕಿನ ಹಳೇ ಫೋಟೋಗಳಲ್ಲಿ ದಿನದ ಬದುಕು: ನೋಡುವಾಗ ಬರೆದುಕೊಂಡ ಟಿಪ್ಪಣಿ

ತೆರಿಗೆಗೋಸ್ಕರ ತೆಗೆದ ಫೋಟೋಗಳಿಂದಲೇ ಶುರು ಮಾಡಿ ಅಂತ ನನ್ನ ಸಲಹೆ. 1939ರಿಂದ 1941ರೊಳಗೆ ನ್ಯೂಯಾರ್ಕ್ ನಗರದ ತೆರಿಗೆ ಇಲಾಖೆ ಐದೂ ಬರೋಗಳಲ್ಲಿದ್ದ (ಬರೋ ಅಂದರೆ ನಗರದ ಒಂದು ಆಡಳಿತ ಭಾಗ) ಪ್ರತಿಯೊಂದು ಕಟ್ಟಡದ ಫೋಟೋ ತೆಗೆಸಿತು. ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸ ಇಲ್ಲದವರಿಗೆ ಕೆಲಸ ಕೊಡಲು ಕೇಂದ್ರ ಸರ್ಕಾರ ನಡೆಸುತ್ತಿದ್ದ ಡಬ್ಲ್ಯುಪಿಎ ಯೋಜನೆಯ ಜನ ಕ್ಯಾಮೆರಾ ಹಿಡಿದು ಬೀದಿ ಬೀದಿ ತಿರುಗಿದರು. ಒಟ್ಟು ಸುಮಾರು 7,20,000 ಫೋಟೋ. ಈಗ ನಗರದ ದಾಖಲೆ ಸಂಗ್ರಹದವರು ಅವನ್ನು ಆನ್‌ಲೈನ್‌ನಲ್ಲಿ ಇಟ್ಟಿದ್ದಾರೆ.

ಇಲಾಖೆಗೆ ಬೇಕಾಗಿದ್ದದ್ದು ಗೋಡೆ, ಮಹಡಿ, ಅಗಲ ಇಷ್ಟೇ. ಕಟ್ಟಡದ ಮುಂದೆ ಬ್ಲಾಕ್ (ಬೀದಿಗಳ ನಡುವಿನ ಕಟ್ಟಡಗಳ ಗುಂಪು) ನಂಬರ್, ಲಾಟ್ (ಅದರೊಳಗಿನ ನಿವೇಶನ) ನಂಬರ್ ಬರೆದ ಒಂದು ಸಣ್ಣ ಹಲಗೆ ಇಟ್ಟು ಫೋಟೋ ತೆಗೆದು ಮುಂದಕ್ಕೆ ಹೋಗುತ್ತಿದ್ದರು. ಬೀದಿಯನ್ನು ಮಾತ್ರ ಯಾರೂ ಖಾಲಿ ಮಾಡಿಸಲಿಲ್ಲ. ಹಾಗಾಗಿ ಕ್ಷೌರದಂಗಡಿಯ ಪಟ್ಟೆ ಕಂಬ, ಕಿಟಕಿಗೆ ಅಂಟಿಸಿದ ಬೆಲೆಯ ಚೀಟಿ, ಮೆಟ್ಟಿಲ ಮೇಲೆ ಕೂತ ಹೆಂಗಸರು, ಕ್ಯಾಮೆರಾ ಕಂಡು ನಿಂತ ಹುಡುಗರು, ಯಾರೋ ಬಿಟ್ಟುಹೋದ ಮಗುವಿನ ಗಾಡಿ ಎಲ್ಲವೂ ಚಿತ್ರದೊಳಗೆ ಬಂದುಬಿಟ್ಟಿವೆ. ನನಗೆ ತುಂಬಾ ಪ್ರೀತಿಯ ಸಂಗ್ರಹ ಇದು.

ಇದನ್ನು ನೋಡುತ್ತಾ ನೋಡುತ್ತಾ ನಾನು ಮಾಡಿಕೊಂಡ ಅಭ್ಯಾಸ ಹೀಗಿದೆ. ಯಾವ ಫೋಟೋ ಆದರೂ ಮೊದಲು, ಇದನ್ನು ಯಾವ ಕೆಲಸಕ್ಕೆ ತೆಗೆದರು ಅಂತ ಕೇಳಿಕೊಳ್ಳುತ್ತೇನೆ. ಆಮೇಲೆ ಆ ಕೆಲಸಕ್ಕೆ ಬೇಡದೆಯೂ ಏನೇನು ಸೇರಿಕೊಂಡಿದೆ ಅಂತ ಅಂಚಿನಿಂದ ಹುಡುಕುತ್ತಾ ಬರುತ್ತೇನೆ.

ಜೇಕಬ್ ರೀಸ್ ಅವರ ಫೋಟೋಗಳಿಗೆ ಈ ಪ್ರಶ್ನೆ ಬಹಳ ಮುಖ್ಯ. ಡೆನ್ಮಾರ್ಕಿನಲ್ಲಿ ಹುಟ್ಟಿ 1870ರಲ್ಲಿ ಅಮೆರಿಕಕ್ಕೆ ಬಂದ ಇವರು ಪತ್ರಿಕೆಗೆ ಪೊಲೀಸ್ ಸುದ್ದಿ ಬರೆಯುತ್ತಿದ್ದರು. ವಠಾರಗಳ ಸ್ಥಿತಿ ಬರೀ ಬರೆದರೆ ಯಾರೂ ನಂಬುವುದಿಲ್ಲ ಅಂತ 1887ರ ಹೊತ್ತಿಗೆ ಮೆಗ್ನೀಸಿಯಂ ಪುಡಿ ಉರಿಸಿ ಕತ್ತಲಲ್ಲಿ ಫೋಟೋ ತೆಗೆಯಲು ಹೊರಟರು. ಬೇಯರ್ಡ್ ಸ್ಟ್ರೀಟಿನ ವಠಾರದಲ್ಲಿ ತೆಗೆದದ್ದು ಎಲ್ಲರಿಗೂ ಗೊತ್ತಿರುವ ಫೋಟೋ. ಅಲ್ಲಿ ಮಲಗುವ ಜಾಗಕ್ಕೆ ಒಬ್ಬರಿಗೆ ರಾತ್ರಿಗೆ 5 ಸೆಂಟ್. ಉದ್ದಗಲ ಹದಿಮೂರು ಅಡಿಯೂ ಇಲ್ಲದ ಕೋಣೆಯಲ್ಲಿ 12 ಜನ ಮಲಗಿದ್ದರು ಅಂತ ರೀಸ್ ಬರೆದಿದ್ದಾರೆ. ಫೋಟೋದಲ್ಲಿ ಕೆಲವರು ಕಣ್ಣು ಬಿಡಲಾರದೆ ನೋಡುತ್ತಿದ್ದಾರೆ. ನಡುರಾತ್ರಿ ಅಪರಿಚಿತರು ನುಗ್ಗಿ ಮುಖದ ಮುಂದೆ ಬೆಳಕು ಉರಿಸಿದರೆ ಯಾರಿಗಾದರೂ ಹಾಗೇ ಆಗುತ್ತದೆ ಅಲ್ವಾ? ಆ ಮುಖದಲ್ಲಿ ಕಾಣುವ ಗಾಬರಿಯಲ್ಲಿ ಕ್ಯಾಮೆರಾದ ಪಾಲೂ ಇದೆ. ಬಡತನದ ಮುಖ ಅಂತಷ್ಟೇ ಅದನ್ನು ಓದಬೇಡಿ. ಬದಲಿಗೆ ಸಾಮಾನು ನೋಡಿ: ರಾಶಿ ಬಿದ್ದ ಬಟ್ಟೆ ಗಂಟುಗಳು, ಬೂಟು, ಒಲೆ, ಪಾತ್ರೆ. ಮಲಗುವುದು, ಅಡುಗೆ, ಗಂಟುಮೂಟೆ ಎಲ್ಲವೂ ಒಂದೇ ಕೋಣೆಯೊಳಗೆ.

ಲೂಯಿಸ್ ಹೈನ್ ಅವರದು ಬೇರೆ ರೀತಿ. 1908ರಿಂದ ಬಾಲಕಾರ್ಮಿಕ ಪದ್ಧತಿಯ ವಿರುದ್ಧ ಹೋರಾಡುತ್ತಿದ್ದ ರಾಷ್ಟ್ರೀಯ ಸಮಿತಿಗಾಗಿ ಫೋಟೋ ತೆಗೆದವರು. ಮಗುವಿನ ಎತ್ತರವನ್ನು ತಮ್ಮ ಅಂಗಿಯ ಗುಂಡಿಗೆ ಹೋಲಿಸಿ ಅಂದಾಜು ಮಾಡಿ ಗುಟ್ಟಾಗಿ ಬರೆದುಕೊಳ್ಳುತ್ತಿದ್ದರು. ನ್ಯೂಯಾರ್ಕಿನ ವಠಾರಗಳಲ್ಲಿ ತೆಗೆದ ಅವರ ಫೋಟೋಗಳಲ್ಲಿ ಊಟದ ಮೇಜೇ ಕಾರ್ಖಾನೆ. ತಾಯಿ, ದೊಡ್ಡ ಮಗಳು, ಸಣ್ಣ ಮಕ್ಕಳು ಸುತ್ತ ಕೂತು ಕೃತಕ ಹೂವು ಕಟ್ಟುತ್ತಾರೆ, ಇಲ್ಲವೇ ಅಕ್ರೋಟಿನಂಥ ಕಾಯಿ ಒಡೆದು ತಿರುಳು ಬಿಡಿಸುತ್ತಾರೆ. ಇಲ್ಲಿ ಫೋಟೋದ ಕೆಳಗಿನ ಬರಹವನ್ನು ಬಿಟ್ಟು ಮುಂದೆ ಹೋಗಲೇಬೇಡಿ, ಏಕೆಂದರೆ ವಯಸ್ಸು, ವಿಳಾಸ, ಕೂಲಿ ಇಂಥವು ಸಿಗುವುದು ಅಲ್ಲೇ. ಆ ಬರಹ ಇಲ್ಲದಿದ್ದರೆ ಅದು ಒಂದು ಕುಟುಂಬ ಸುಮ್ನೆ ಒಟ್ಟಿಗೆ ಕೂತ ಚಿತ್ರದ ಹಾಗೆ ಕಂಡುಬಿಡುತ್ತದೆ.

ಬಣ್ಣದ ಬಗ್ಗೆ ಒಂದು ಎಚ್ಚರಿಕೆ. 1900ರ ಸುಮಾರಿನ ಮಲ್ಬರಿ ಸ್ಟ್ರೀಟಿನ ಬಣ್ಣದ ಫೋಟೋ ನೋಡಿರುತ್ತೀರಿ. ಇಟಲಿಯವರ ಕೇರಿ, ತರಕಾರಿ ಗಾಡಿಗಳು, ಕಿಕ್ಕಿರಿದ ಜನ. ಅದು ಫೋಟೋಕ್ರೋಮ್. ಕಪ್ಪು ಬಿಳುಪು ನೆಗೆಟಿವ್ ಇಟ್ಟುಕೊಂಡು ಛಾಪಖಾನೆಯಲ್ಲಿ ಕಲ್ಲಿನಚ್ಚಿನಿಂದ ಒಂದೊಂದೇ ಬಣ್ಣ ಒತ್ತಿದ್ದು. ಹಾಗಾಗಿ ಯಾರದೋ ಬಟ್ಟೆ ಕೆಂಪಾಗಿತ್ತು ಅಂತ ಅದನ್ನು ನೋಡಿ ಬರೆಯುವ ಹಾಗಿಲ್ಲ. ಗಾಡಿ ಎಲ್ಲಿ ನಿಂತಿದೆ, ಜನ ಎಲ್ಲಿ ನಡೆಯುತ್ತಿದ್ದಾರೆ ಅನ್ನುವುದನ್ನು ಧಾರಾಳವಾಗಿ ಬರೆಯಬಹುದು. ಬೀದಿಯ ನಡುವೆಯೇ ಜನ ಆರಾಮಾಗಿ ನಿಂತಿದ್ದಾರೆ. ಕಾರು ಬರುವ ಮೊದಲಿನ ಬೀದಿ ಅದು.

ಕಾಲ ಗುರುತಿಸಲು ಕುದುರೆ ದೊಡ್ಡ ಸಹಾಯ. ಫಿಫ್ತ್ ಅವೆನ್ಯೂದ ಎರಡು ಈಸ್ಟರ್ ಫೋಟೋಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1900ರದ್ದರಲ್ಲಿ ಸಾಲುಸಾಲು ಕುದುರೆ ಗಾಡಿ, ಕಾರು ಹುಡುಕಿ ತೆಗೆಯಬೇಕು. 1913ರದ್ದರಲ್ಲಿ ಕುದುರೆಯನ್ನು ಹುಡುಕಬೇಕು. ಆದರೆ ಇದು ಶ್ರೀಮಂತರ ಬೀದಿ ಅನ್ನುವುದು ನೆನಪಿರಲಿ. ಐಸ್, ಹಾಲು, ಕಲ್ಲಿದ್ದಲು ಹೊರುವ ಕುದುರೆಗಳು ಬೇರೆ ಬೀದಿಗಳಲ್ಲಿ ಅದಾದ ಮೇಲೂ ಜಾಸ್ತಿ ಕಾಲ ದುಡಿದವು. ಅದೇ ಕಾಲದ ಇನ್ನೊಂದು ಫೋಟೋದಲ್ಲಿ ಸತ್ತ ಕುದುರೆ ರಸ್ತೆಯಂಚಿಗೆ ಬಿದ್ದಿದೆ, ಪಕ್ಕದಲ್ಲೇ ಮಕ್ಕಳು ಆಟಕ್ಕೆ ಕೂತಿದ್ದಾರೆ. ಆ ಮಕ್ಕಳಿಗೆ ಅದು ಹೊಸದಲ್ಲ ಅಂತ ಅವರು ಕೂತ ರೀತಿಯೇ ಹೇಳುತ್ತದೆ. ನನಗೆ ಇದನ್ನು ಬಹಳ ಹೊತ್ತು ನೋಡಲಾಗಲಿಲ್ಲ.

ಇನ್ನೊಂದು ಗುರುತು, ಕಬ್ಬಿಣದ ಕಂಬಗಳ ಮೇಲೆ ಓಡುತ್ತಿದ್ದ ರೈಲು. ಜನ ಅದನ್ನು 'ಎಲ್' ಅನ್ನುತ್ತಿದ್ದರು. ಬೀದಿಯ ಮೇಲೆ ಪಟ್ಟೆ ಪಟ್ಟೆ ನೆರಳು ಕಂಡರೆ ತಲೆ ಮೇಲೆ ಎಲ್ ಇದೆ ಅಂತ ಊಹಿಸಬಹುದು. ಸಿಕ್ಸ್ತ್ ಅವೆನ್ಯೂದ ಎಲ್ 1938ರಲ್ಲಿ ನಿಂತು ಮರುವರ್ಷ ಕೆಡವಲ್ಪಟ್ಟಿತು, ಮ್ಯಾನ್‌ಹಟನ್ನಿನ ಥರ್ಡ್ ಅವೆನ್ಯೂದ್ದು 1955ರವರೆಗೂ ಓಡಿತು. ಆದ್ದರಿಂದ ಅವೆನ್ಯೂ ಯಾವುದು ಅಂತ ಗೊತ್ತಾದರೆ ವರ್ಷವೂ ಅಂದಾಜಿಗೆ ಸಿಗುತ್ತದೆ.

ನೀವೇ ಮಾಡಿ ನೋಡಬೇಕಾದ್ದು ಒಂದಿದೆ. 1980ರ ದಶಕದಲ್ಲಿ ನಗರದವರು ಇದೇ ತೆರಿಗೆ ಕೆಲಸಕ್ಕೆ ಮತ್ತೊಮ್ಮೆ ಎಲ್ಲಾ ಕಟ್ಟಡಗಳ ಫೋಟೋ ತೆಗೆಸಿದರು, ಈ ಸಲ ಬಣ್ಣದಲ್ಲಿ. ಒಂದು ಬೀದಿ ಆರಿಸಿಕೊಳ್ಳಿ. 1940ರ ಹಲಗೆಯ ಮೇಲಿನ ಬ್ಲಾಕ್, ಲಾಟ್ ನಂಬರ್ ಹಿಡಿದು ಅದೇ ಜಾಗದ 1980ರ ದಶಕದ ಫೋಟೋ ಹುಡುಕಿ ಪಕ್ಕ ಇಡಿ. ಮೊದಲು ಅಂಗಡಿ ಬೋರ್ಡುಗಳನ್ನು ಓದಿ, ಆಮೇಲೆ ಮೆಟ್ಟಿಲ ಮೇಲೆ ಯಾರಾದರೂ ಕೂತಿದ್ದಾರಾ ನೋಡಿ.