ಬೀಟ್ ಮಾಡೋಕೆ ಮಷೀನ್ ಕೊಳ್ಳಲೇಬೇಕಾ?

ಪ್ರಶ್ನೆ: ಬೀಟ್, ಅಂದ್ರೆ ಹಾಡಿನ ಹಿಂದೆ ಓಡೋ ತಾಳದ ಟ್ರ್ಯಾಕ್, ಮಾಡೋದು ಕಲಿಯಬೇಕು ಅಂತ ಆಸೆ. ನನ್ನ ಹತ್ತಿರ ಇರೋದು ಒಂದು ಸಾಧಾರಣ ಲ್ಯಾಪ್‌ಟಾಪ್. ವಿಡಿಯೊಗಳಲ್ಲಿ ನೋಡಿದರೆ ಎಲ್ಲರ ಮುಂದೆಯೂ ಪ್ಯಾಡ್ (ಬೆರಳಲ್ಲಿ ಬಡಿಯೋ ಚೌಕ ಗುಂಡಿ) ಇರುವ ಮಷೀನ್. ನಾನೂ ಕೊಳ್ಳಬೇಕಾ?

ಉತ್ತರ: ಈಗಲೇ ಬೇಡ. ಲ್ಯಾಪ್‌ಟಾಪ್ ಇದೆಯಲ್ಲ, ಶುರು ಮಾಡಲು ಅಷ್ಟು ಸಾಕು. ಹಾಗಂತ ಮಷೀನ್ ಮೇಲಿನ ಆಸೆಯನ್ನು ಸುಮ್ನೆ ಶೋಕಿ ಅಂತ ತಳ್ಳಿಹಾಕುವುದಿಲ್ಲ.

1987ರಲ್ಲಿ ಎಸ್‌ಪಿ-1200 ಅಂತ ಒಂದು ಸ್ಯಾಂಪ್ಲರ್ ಬಂತು, ಅಂದರೆ ಸದ್ದಿನ ತುಣುಕು (ಸ್ಯಾಂಪಲ್) ಹಿಡಿದಿಟ್ಟು ಮತ್ತೆ ನುಡಿಸುವ ಮಷೀನ್. ಅದರಲ್ಲಿ ಹಿಡಿಯುತ್ತಿದ್ದುದು ಒಟ್ಟು 10 ಸೆಕೆಂಡ್ ಸದ್ದು, ಅಷ್ಟೇ. ನ್ಯೂಯಾರ್ಕ್‌ನ ಹಿಪ್‌ಹಾಪ್ ಹುಡುಗರು ಏನು ಮಾಡಿದರು ಗೊತ್ತಾ? ನಿಮಿಷಕ್ಕೆ 33 ಸುತ್ತು ಓಡಬೇಕಾದ ರೆಕಾರ್ಡನ್ನು 45 ಸುತ್ತಿನ ವೇಗದಲ್ಲಿ ಓಡಿಸಿ ಸ್ಯಾಂಪಲ್ ತೆಗೆದುಕೊಂಡರು. ಆಮೇಲೆ ಮಷೀನ್ ಒಳಗೆ ಅದನ್ನು ನಿಧಾನ ಮಾಡಿದರು. ಜಾಗ ಉಳಿಯಿತು, ಸದ್ದು ಸ್ವಲ್ಪ ಗರಗರ ಆಯಿತು. ಆ ಗರಗರವನ್ನೇ ಜನ ಇವತ್ತಿಗೂ ದುಡ್ಡು ಕೊಟ್ಟು ಹುಡುಕುತ್ತಾರೆ! ಮರುವರ್ಷ ಬಂದದ್ದು ರೋಜರ್ ಲಿನ್ ವಿನ್ಯಾಸ ಮಾಡಿದ, ಅಕಾಯ್ ಕಂಪನಿಯ ಎಂಪಿಸಿ60 ಅನ್ನುವ ಮಷೀನ್. ನೀವು ವಿಡಿಯೊದಲ್ಲಿ ನೋಡಿದ ನಾಲ್ಕು ಸಾಲು, 16 ಪ್ಯಾಡ್ ಅಲ್ಲಿಂದಲೇ ಬಂದದ್ದು.

'ಎಂಪಿಸಿಯ ಲಯವೇ ಬೇರೆ' ಅನ್ನುವ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಅದರ ಹಿಂದೆ ಇರುವುದು ಲೆಕ್ಕ. ನಿಮಿಷಕ್ಕೆ 90 ಬೀಟ್ (ಇಲ್ಲಿ ಬೀಟ್ ಅಂದರೆ ತಾಳದ ಒಂದು ಎಣಿಕೆ) ವೇಗ ಇಟ್ಟರೆ ಒಂದು ಬೀಟ್ ಸುಮಾರು 667 ಮಿಲಿಸೆಕೆಂಡ್. ಅದರ ಕಾಲು ಭಾಗ 167. ಹೈ-ಹ್ಯಾಟ್ (ಡ್ರಮ್ ಸೆಟ್‌ನ ಜೋಡಿ ತಾಳದ ಸದ್ದು) ಆ ಕಾಲು ಭಾಗಗಳ ಮೇಲೆ ಕರೆಕ್ಟಾಗಿ ಬಿದ್ದರೆ ಗಡಿಯಾರದ ಟಿಕ್ ಟಿಕ್ ಥರ ಇರುತ್ತದೆ. ಈಗ ಸ್ವಿಂಗ್, ಅಂದರೆ ಪೆಟ್ಟುಗಳನ್ನು ಬೇಕಂತಲೇ ತಡ ಮಾಡುವ ಸೆಟ್ಟಿಂಗ್, ಶೇಕಡ 58ಕ್ಕೆ ತನ್ನಿ. ಒಂದು ಬಿಟ್ಟು ಒಂದು ಪೆಟ್ಟು ಸುಮಾರು 27 ಮಿಲಿಸೆಕೆಂಡ್ ತಡವಾಗಿ ಬೀಳುತ್ತದೆ. ತಲೆ ತಾನಾಗೇ ಆಡುತ್ತದೆ. ಈ ಸ್ವಿಂಗ್ ಈಗ ಹೆಚ್ಚುಕಮ್ಮಿ ಎಲ್ಲ ಸಾಫ್ಟ್‌ವೇರ್‌ನಲ್ಲೂ ಇದೆ. ಅದಕ್ಕೋಸ್ಕರವೇ ಮಷೀನ್ ಕೊಳ್ಳಬೇಕಿಲ್ಲ.

ಯಾವ ಸಾಫ್ಟ್‌ವೇರ್? ಆಪಲ್ ಇದ್ದರೆ ಗ್ಯಾರೇಜ್‌ಬ್ಯಾಂಡ್, ವಿಂಡೋಸ್ ಇದ್ದರೆ ಎಲ್‌ಎಂಎಂಎಸ್. ಎರಡಕ್ಕೂ ದುಡ್ಡಿಲ್ಲ. ಎಫ್‌ಎಲ್ ಸ್ಟುಡಿಯೊ ಟ್ರಯಲ್ ಕೂಡ ಚೆನ್ನಾಗಿದೆ, ಆದರೆ ಸೇವ್ ಮಾಡಿದ ಪ್ರಾಜೆಕ್ಟನ್ನು ಕೊಂಡುಕೊಳ್ಳುವವರೆಗೆ ಮತ್ತೆ ತೆರೆಯಲಾಗುವುದಿಲ್ಲ. ರಾತ್ರಿಯೆಲ್ಲ ಕೂತು ಮಾಡಿ ಆಮೇಲೆ ಬೈಯಬೇಡಿ.

ಸಾಫ್ಟ್‌ವೇರ್‌ನ ನಿಜವಾದ ತೊಂದರೆ ಆಯ್ಕೆ ಜಾಸ್ತಿ ಇರುವುದು. ಒಂದು ಕಿಕ್ (ದೊಡ್ಡ ಡ್ರಮ್ಮಿನ ಧಮ್ ಸದ್ದು) ಹುಡುಕುತ್ತಾ ಹುಡುಕುತ್ತಾ ಸಂಜೆ ಕಳೆದುಹೋಗುತ್ತದೆ, ಬೀಟ್ ಹುಟ್ಟುವುದಿಲ್ಲ. ನಾನು ಮಾಡುವುದು ಇಷ್ಟು: ಎಂಟೇ ಸದ್ದು ಒಂದು ಫೋಲ್ಡರ್‌ಗೆ ಹಾಕಿ ಬಾಗಿಲು ಮುಚ್ಚಿದ ಹಾಗೆ ಕೂರುತ್ತೇನೆ. ಅದರಲ್ಲಿ ಒಂದೆರಡು ನನ್ನವೇ. ಊರ ಹಬ್ಬದಲ್ಲಿ ಫೋನಲ್ಲಿ ಹಿಡಿದ ತಮಟೆಯ ಒಂದು ಪೆಟ್ಟು ಇವತ್ತಿಗೂ ನನ್ನ ಸ್ನೇರ್, ಅಂದರೆ ಬೀಟಿನ ಚುರುಕಾದ 'ಟಕ್' ಪೆಟ್ಟು.

ಇನ್ನೊಂದು, ಕೀಬೋರ್ಡಿನ ಬಟನ್ ಒತ್ತಿದ ಮೇಲೆ ಸದ್ದು ತಡವಾಗಿ ಬಂದರೆ ಮೊದಲು ಬ್ಲೂಟೂತ್ ಇಯರ್‌ಫೋನ್ ತೆಗೆದಿಡಿ. ವೈರ್ ಇರುವುದನ್ನು ಚುಚ್ಚಿ. 'ಕಂಪ್ಯೂಟರ್‌ನಲ್ಲಿ ಫೀಲ್ ಬರಲ್ಲ' ಅನ್ನುವ ಅರ್ಧ ದೂರು ಅಲ್ಲಿಗೇ ಮುಗಿಯುತ್ತದೆ.

ಬೆರಳಿಗೆ ಪ್ಯಾಡ್ ಬೇಕೇ ಬೇಕು ಅನ್ನಿಸಿದರೆ ಒಂದು ಚಿಕ್ಕ ಮಿಡಿ ಕಂಟ್ರೋಲರ್ ಸಾಕು. ಆದರೆ ಅದರಲ್ಲಿ ಸ್ವಂತ ಸದ್ದು ಸಾಮಾನ್ಯವಾಗಿ ಇರುವುದಿಲ್ಲ. ಅದು ಲ್ಯಾಪ್‌ಟಾಪ್‌ಗೆ 'ಈ ಪ್ಯಾಡ್ ಇಷ್ಟು ಜೋರಾಗಿ ಒತ್ತಿದರು' ಅಂತ ಹೇಳುತ್ತದೆ, ಅಷ್ಟೇ. ಇದು ಗೊತ್ತಿಲ್ಲದೆ ಸ್ಪೀಕರ್‌ಗೆ ಸಿಕ್ಕಿಸಲು ಜಾಗ ಹುಡುಕಿದವರನ್ನು ನಾನೇ ನೋಡಿದ್ದೇನೆ.

ಹತ್ತಿಪ್ಪತ್ತು ಬೀಟ್ ಮುಗಿಸಿದ ಮೇಲೂ ಸ್ಕ್ರೀನ್ ಬೇಜಾರಾದರೆ ಆಗ ಮಷೀನ್ ಕೊಳ್ಳಿ. ಸೆಕೆಂಡ್ ಹ್ಯಾಂಡ್ ಆದರೆ ಪ್ರತಿ ಪ್ಯಾಡನ್ನೂ ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ ಒತ್ತಿ ನೋಡಿ. ಮತ್ತೆ ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಓದಿ. ಅಮೆರಿಕದಿಂದ ಬಂದ ನನ್ನ ಮೊದಲ ಮಷೀನಿನ ಅಡಾಪ್ಟರ್ 120 ವೋಲ್ಟಿನದು. ಓದದೆ ನಮ್ಮ 230ಕ್ಕೆ ಚುಚ್ಚಿದೆ. ಒಂದೇ ಒಂದು ಪೆಟ್ಟು ಕೇಳಿಸಿತು, ಅದೂ ಅಡಾಪ್ಟರ್‌ನಿಂದ.