ಉಂಗುರವನ್ನು ಬೆಂಕಿಗೆ ಹಾಕಿದ್ದು ಯಾರು?

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಸಂಜೆ ನಡೆಯುವಾಗ, ಜೊತೆಗೆ ಬರುವ ಕಾಲೇಜು ಹುಡುಗರಿಗೆ ನಾನು ಒಂದು ಪ್ರಶ್ನೆ ಕೇಳುವುದುಂಟು. 'ಲಾರ್ಡ್ ಆಫ್ ದ ರಿಂಗ್ಸ್' ಕತೆಯ ಕೊನೆಯಲ್ಲಿ ಆ ಕೇಡಿನ ಉಂಗುರವನ್ನು ಬೆಂಕಿಗೆ ಹಾಕಿದ್ದು ಯಾರು? ಹತ್ತರಲ್ಲಿ ಎಂಟು ಮಂದಿ ಫ್ರೋಡೊ ಅಂತಾರೆ.

ಅವನಲ್ಲ. ಅದನ್ನು ಸುಟ್ಟು ನಾಶಮಾಡಲೆಂದೇ ಫ್ರೋಡೊ ತಿಂಗಳುಗಟ್ಟಲೆ ಆ ಉಂಗುರ ಹೊತ್ತು, ಹಸಿದು, ತೆವಳಿಕೊಂಡು ಬೆಂಕಿಬೆಟ್ಟದ ಬಾಯಿಗೆ ಬರುತ್ತಾನೆ. ಅಲ್ಲಿ ನಿಂತು, ಇದನ್ನು ನಾನು ಹಾಕುವುದಿಲ್ಲ, ಇದು ನನ್ನದು ಎಂದು ಬೆರಳಿಗೆ ತೊಟ್ಟುಕೊಳ್ಳುತ್ತಾನೆ. ಹಿಂದೆಯೇ ಬಂದ ಗೊಲ್ಲಮ್ ಎಂಬ ದರಿದ್ರ ಜೀವಿ ಅವನ ಬೆರಳನ್ನೇ ಕಚ್ಚಿ ಕೀಳುತ್ತದೆ. ಉಂಗುರ ಸಿಕ್ಕ ಖುಷಿಯಲ್ಲಿ ಕುಣಿಯುತ್ತಾ ಕಾಲು ಜಾರಿ ಬೆಂಕಿಗೆ ಬೀಳುತ್ತದೆ. 2003ರ ಸಿನಿಮಾದಲ್ಲಿ ಇಬ್ಬರೂ ಕೈಕೈ ಮಿಲಾಯಿಸುವ ಹಾಗೆ ತೋರಿಸಿದ್ದಾರೆ. ನೆನಪು ಕಲಸಿಹೋಗುವುದು ಅದರಿಂದಲೇ ಇರಬೇಕು.

ಸಾವಿರ ಪುಟ ಹೇಳಿದ ಕತೆಯಲ್ಲಿ ಕತೆಗಾರ ತನ್ನ ವೀರನನ್ನು ಕೊನೇ ಹೆಜ್ಜೆಯಲ್ಲಿ ಯಾಕೆ ಸೋಲಿಸಿದ? ಹುಡುಗರು ನಿಂತುಬಿಡುತ್ತಾರೆ. ಕ್ರೈಸ್ತ ನಂಬಿಕೆಯಿಂದ ಹುಟ್ಟಿದ ಮಹಾ ಫ್ಯಾಂಟಸಿ ಕಾದಂಬರಿಗಳನ್ನು ಓದುವವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ. ಈ ಕತೆಗಳಲ್ಲಿ ನಂಬಿಕೆ ಇರುವುದು ಪ್ರಾರ್ಥನೆಯ ಮಾತುಗಳಲ್ಲಿ ಅಲ್ಲ. ವೀರನ ಕೈಯಲ್ಲಿ ಇನ್ನು ಆಗುವುದಿಲ್ಲ ಎನ್ನುವ ಜಾಗದಲ್ಲಿ.

ನಮ್ಮ ಕಡೆಯ ಓದುಗರಿಗೆ ಇಲ್ಲಿ ಬಾಹುಬಲಿ ನೆನಪಾಗುತ್ತಾನೆ. ಹುಣಸೂರು ರಸ್ತೆಯಲ್ಲಿ ಹೋಗಿ ಒಳಕ್ಕೆ ತಿರುಗಿದರೆ ಗೊಮ್ಮಟಗಿರಿ ಸಿಗುತ್ತದೆ, ಬಂಡೆಯ ಮೇಲೆ ಒಬ್ಬನೇ ನಿಂತಿದ್ದಾನೆ. ಪಂಪ 'ಆದಿಪುರಾಣ'ದಲ್ಲಿ ಹೇಳಿದ ಕತೆ ನಮಗೆಲ್ಲ ಗೊತ್ತು. ಕಣ್ಣಿನ ಕಾಳಗ, ನೀರಿನ ಕಾಳಗ, ಮಲ್ಲಕಾಳಗ, ಮೂರರಲ್ಲೂ ಬಾಹುಬಲಿ ಗೆದ್ದ. ಗೆದ್ದ ರಾಜ್ಯ ಕೈಯಲ್ಲಿತ್ತು. ಬಿಟ್ಟು ನಡೆದ. ಬಾಹುಬಲಿ ಬಿಟ್ಟ, ಫ್ರೋಡೊಗೆ ಬಿಡಲು ಆಗಲಿಲ್ಲ. ಜೈನರ ವೀರ ತನ್ನೊಳಗಿನ ಬಲದಿಂದಲೇ ಕಟ್ಟು ಹರಿದುಕೊಳ್ಳುತ್ತಾನೆ. ಕ್ರೈಸ್ತರ ಕಣ್ಣಿನಲ್ಲಿ ಮನುಷ್ಯನಿಗೆ ಕೊನೆಯ ಗಂಟು ತಾನೇ ಬಿಚ್ಚಲು ಬರುವುದಿಲ್ಲ. ಹೊರಗಿನಿಂದ ಒಂದು ಕೈ ಬರಬೇಕು. ಅದನ್ನು ಅವರು ಕೃಪೆ ಎನ್ನುತ್ತಾರೆ. ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗುವ ಆಸೆ ನನಗಿಲ್ಲ. ಬಾಹುಬಲಿಯನ್ನು ಬಲ್ಲವರಿಗೆ ಫ್ರೋಡೊನ ಸೋಲು ಇನ್ನೂ ಜಾಸ್ತಿ ತಟ್ಟುತ್ತದೆ, ಅಷ್ಟೇ.

ಈ ಯೋಚನೆ ಒಂದೇ ದಿನ ಹುಟ್ಟಿದ್ದಲ್ಲ. ಇಂಗ್ಲಿಷಿನ ಹಳೆಯ ವೀರಕಾವ್ಯ 'ಬೇವುಲ್ಫ್' ಬರೆದವನು ಕ್ರೈಸ್ತ, ಆದರೆ ಅವನು ಹಾಡಿದ್ದು ಕ್ರಿಸ್ತನ ಹೆಸರೇ ಕೇಳದ ವೀರರನ್ನು. ಜೈನನಾದ ಪಂಪ ಭಾರತ ಬರೆದ ಹಾಗೆ ಅನ್ನಬಹುದು. ಬೇವುಲ್ಫ್ ಕೊನೆಗೆ ಡ್ರ್ಯಾಗನ್ ಎದುರು ಸಾಯುತ್ತಾನೆ. ಸೋಲು ಖಂಡಿತ ಎಂದು ಗೊತ್ತಿದ್ದೂ ಕತ್ತಿ ಕೆಳಗಿಡದ ಆ ಉತ್ತರದ ಧೈರ್ಯದ ಬಗ್ಗೆ 1936ರಲ್ಲಿ ಆಕ್ಸ್‌ಫರ್ಡಿನ ಒಬ್ಬ ಪ್ರೊಫೆಸರ್ ಹೆಸರಾದ ಉಪನ್ಯಾಸ ಕೊಟ್ಟರು. ಅವರೇ ಜೆ.ಆರ್.ಆರ್. ಟೋಲ್ಕಿನ್, ಮುಂದೆ ಫ್ರೋಡೊನ ಕತೆ ಬರೆದವರು. ಮರುವರ್ಷ ಅವರ 'ಹಾಬಿಟ್' ಹೊರಬಂತು.

ನಡುವೆ ಎರಡು ದೊಡ್ಡ ಹೆಸರು. 1667ರಲ್ಲಿ ಮಿಲ್ಟನ್ 'ಪ್ಯಾರಡೈಸ್ ಲಾಸ್ಟ್' ಕೊಟ್ಟರು. ಅದರಲ್ಲಿ ಸೈತಾನನ ಮಾತಿನ ಹೊಡೆತ ಎಷ್ಟು ಜೋರು ಎಂದರೆ, ಇಲ್ಲಿ ವೀರ ಯಾರು ಎಂದು ಓದುಗರು ಇವತ್ತಿಗೂ ಜಗಳವಾಡುತ್ತಾರೆ. 1678ರಲ್ಲಿ ಜಾನ್ ಬನಿಯನ್ 'ಪಿಲ್‌ಗ್ರಿಮ್ಸ್ ಪ್ರೋಗ್ರೆಸ್' ತಂದರು. ಅಪ್ಪಣೆ ಇಲ್ಲದೆ ಬೋಧನೆ ಮಾಡಿದ್ದಕ್ಕೆ ಬೆಡ್‌ಫರ್ಡಿನಲ್ಲಿ ಹನ್ನೆರಡು ವರ್ಷ ಜೈಲಿನಲ್ಲಿದ್ದ ಮನುಷ್ಯ ಅವರು. ಬೆನ್ನ ಮೇಲೆ ಪಾಪದ ಗಂಟು ಹೊತ್ತವನೊಬ್ಬ ಊರು ಬಿಟ್ಟು ನಡೆಯುವ ಕತೆ ಅದು. ಅದು ಕನ್ನಡಕ್ಕೂ 'ಯಾತ್ರಿಕನ ಸಂಚಾರ'ವಾಗಿ 19ನೇ ಶತಮಾನದಲ್ಲೇ ಬಂತು. ಹೊರೆ ಹೊತ್ತು ನಡೆಯುವವನೇ ವೀರ ಎಂಬ ಚಿತ್ರ ಅಲ್ಲಿಂದ ನೇರವಾಗಿ ಫ್ರೋಡೊನವರೆಗೆ ಬರುತ್ತದೆ.

ಮಿಲ್ಟನ್ ಮೈಸೂರಿಗೂ ಹೊಸಬರಲ್ಲ. 'ಶ್ರೀ ರಾಮಾಯಣ ದರ್ಶನಂ' ಶುರುವಿನಲ್ಲಿ ಕುವೆಂಪು ಹೋಮರ್, ವರ್ಜಿಲ್, ಡಾಂಟೆ, ಮಿಲ್ಟನ್ ಎಲ್ಲರಿಗೂ ನಮಸ್ಕರಿಸುತ್ತಾರೆ. ಅದು ಪ್ರಕಟವಾದದ್ದು 1949ರಲ್ಲಿ. ಟೋಲ್ಕಿನ್ ತಮ್ಮ ದೊಡ್ಡ ಕತೆ ಬರೆದು ಮುಗಿಸಿದ್ದೂ ಅದೇ ವರ್ಷ. ಇಬ್ಬರೂ ಕಾಲೇಜು ಮೇಷ್ಟ್ರುಗಳು, ಯುದ್ಧದ ವರ್ಷಗಳಲ್ಲಿ ಕೂತು ಹಳೆಯ ಬಗೆಯ ಮಹಾಕತೆ ಕಟ್ಟಿದವರು. ಒಬ್ಬರಿಗೊಬ್ಬರು ಗೊತ್ತಿರಲಿಲ್ಲ. ಆದರೂ ಕುವೆಂಪು ತಮ್ಮ ರಾವಣನಿಗೂ ಮನಸ್ಸು ತಿರುಗುವ ದಾರಿ ತೆರೆದಿಟ್ಟರು, ಟೋಲ್ಕಿನ್ ಗೊಲ್ಲಮ್‌ಗೂ ಒಂದು ಕ್ಷಣ ಆ ದಾರಿ ಇಟ್ಟರು. ಗೊಲ್ಲಮ್ ಅದನ್ನು ಕಳೆದುಕೊಳ್ಳುವ ಪುಟವನ್ನು ನಾನು ಇವತ್ತಿಗೂ ನಿಧಾನವಾಗಿ ಓದುತ್ತೇನೆ.

ಟೋಲ್ಕಿನ್ ಅವರಿಗಿಂತ ಮುಂಚೆ ಈ ಬಗೆಯ ಕಾದಂಬರಿಗೆ ಅಡಿಪಾಯ ಹಾಕಿದ್ದು ಸ್ಕಾಟ್‌ಲೆಂಡಿನ ಜಾರ್ಜ್ ಮ್ಯಾಕ್‌ಡೊನಾಲ್ಡ್. ದೇವರ ಪ್ರೀತಿಗೆ ಎಲ್ಲೆ ಇಲ್ಲ ಎಂದು ಬೋಧಿಸಿದ ಪಾದ್ರಿ. ಸಭೆಯವರಿಗೆ ಅದು ಸರಿಬರಲಿಲ್ಲ, ಸಂಬಳ ಕಡಿತವಾಯಿತು, 1853ರಲ್ಲಿ ಕೆಲಸ ಬಿಟ್ಟರು. ಆಮೇಲೆ ಕತೆಗಳಲ್ಲಿ ಬೋಧಿಸಿದರು. 1858ರ ಅವರ 'ಫ್ಯಾಂಟಾಸ್ಟೀಸ್' ಕಾದಂಬರಿಯನ್ನು 1916ರಲ್ಲಿ ಒಂದು ರೈಲ್ವೆ ಸ್ಟೇಷನ್ನಿನ ಪುಸ್ತಕದಂಗಡಿಯಲ್ಲಿ ಸುಮ್ನೆ ಕೊಂಡ ಹುಡುಗ ಸಿ.ಎಸ್. ಲೂಯಿಸ್, ಮುಂದೆ 'ನಾರ್ನಿಯಾ' ಕತೆಗಳನ್ನು ಬರೆದವರು. ಅವನು ಆಗ ದೇವರನ್ನು ನಂಬುತ್ತಿರಲಿಲ್ಲ. ಆ ಪುಸ್ತಕ ತನ್ನ ಕಲ್ಪನೆಗೆ ದೀಕ್ಷಾಸ್ನಾನ ಮಾಡಿಸಿತು ಎಂದು ಮುಂದೆ ಬರೆದುಕೊಂಡರು.

ಟೋಲ್ಕಿನ್ ಅವರ ನಂಬಿಕೆ ಬಂದದ್ದು ಪುಸ್ತಕದಿಂದಲ್ಲ, ತಾಯಿಯಿಂದ. ಗಂಡ ಸತ್ತು ಎರಡು ಮಕ್ಕಳನ್ನು ಸಾಕುತ್ತಿದ್ದ ಮೇಬಲ್ 1900ರಲ್ಲಿ ಕ್ಯಾಥೊಲಿಕ್ ಆದರು. ಬಂಧುಗಳು ಮುನಿಸಿಕೊಂಡರು, ದುಡ್ಡಿನ ಸಹಾಯ ನಿಂತಿತು. 1904ರಲ್ಲಿ ಸಕ್ಕರೆ ಕಾಯಿಲೆಯಿಂದ ತೀರಿಕೊಂಡರು. ಇನ್ಸುಲಿನ್ ಆಗಿನ್ನೂ ಇರಲಿಲ್ಲ. ಹನ್ನೆರಡು ವರ್ಷದ ಹುಡುಗನನ್ನೂ ಅವನ ತಮ್ಮನನ್ನೂ ನೋಡಿಕೊಂಡದ್ದು ಫ್ರಾನ್ಸಿಸ್ ಮಾರ್ಗನ್ ಎಂಬ ಪಾದ್ರಿ, ಬರ್ಮಿಂಗ್‌ಹ್ಯಾಮಿನ ಆರೆಟರಿ ಮಠದವರು.

ಆ ಮಠ ಕಟ್ಟಿದ್ದು ಯಾರು ಗೊತ್ತಾ? ಜಾನ್ ಹೆನ್ರಿ ನ್ಯೂಮನ್. ಅವರನ್ನು ನಾವು ಬೇರೆ ದಾರಿಯಲ್ಲಿ ಬಲ್ಲೆವು. 1833ರಲ್ಲಿ, ಸಿಸಿಲಿಯಲ್ಲಿ ಕಾಯಿಲೆ ಬಿದ್ದು ಎದ್ದು ಊರಿಗೆ ಹೊರಟಾಗ, ಗಾಳಿ ಬಿದ್ದುಹೋಗಿ ಹಡಗು ನಡುಗಡಲಲ್ಲಿ ನಿಂತಿತ್ತು. ಆಗ ಅವರು ಒಂದು ಪ್ರಾರ್ಥನೆ ಬರೆದರು. ಅದನ್ನು ನಮ್ಮ ಮಹಾರಾಜ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಬಿ.ಎಂ. ಶ್ರೀಕಂಠಯ್ಯ ಕನ್ನಡಕ್ಕೆ ತಂದರು. 1926ರ 'ಇಂಗ್ಲಿಷ್ ಗೀತಗಳು' ಪುಸ್ತಕದಲ್ಲಿದೆ. ಹೌದು, 'ಕರುಣಾಳು ಬಾ ಬೆಳಕೆ'. ಎಷ್ಟು ಶಾಲೆಗಳಲ್ಲಿ ಮಕ್ಕಳು ಅದನ್ನು ಹಾಡಿದ್ದಾರೆ! ದೂರದ ನೋಟ ಬೇಡ, ಒಂದು ಹೆಜ್ಜೆ ಸಾಕು ಎಂಬುದೇ ಅದರ ಬೇಡಿಕೆ. ಫ್ರೋಡೊ ಮತ್ತು ಅವನ ಗೆಳೆಯ ಸ್ಯಾಮ್ ಕತ್ತಲ ನಾಡಿನಲ್ಲಿ ನಡೆದದ್ದು ಹೀಗೇ ಅಲ್ವಾ? ಟೋಲ್ಕಿನ್ ಈ ಹಾಡಿನಿಂದ ಕತೆ ತೆಗೆದರು ಎಂದು ನಾನು ಹೇಳುತ್ತಿಲ್ಲ. ಆದರೆ ನ್ಯೂಮನ್ ಕಟ್ಟಿದ ಮನೆಯ ನೆರಳಲ್ಲಿ ಬೆಳೆದ ಹುಡುಗನ ಕತೆ ಓದಲು, ಆ ಹಾಡು ಬಾಯಲ್ಲಿರುವ ನಮಗೆ ಟಿಪ್ಪಣಿ ಬೇಕಿಲ್ಲ.

1916ರಲ್ಲಿ ಟೋಲ್ಕಿನ್ ಮೊದಲ ಮಹಾಯುದ್ಧದ ಸೊಮ್ ಕಾಳಗದಲ್ಲಿದ್ದರು, ಹತ್ತಿರದ ಗೆಳೆಯರನ್ನು ಕಳೆದುಕೊಂಡರು. ಅವರ ಕತೆಯ ವೀರರು ಮೆರವಣಿಗೆಯ ವೀರರಾಗದೆ, ದಣಿದ ಸಾಮಾನ್ಯರಾದದ್ದು ಅಲ್ಲಿಂದ.

1931ರ ಸೆಪ್ಟೆಂಬರ್ 19ರ ರಾತ್ರಿ ಆಕ್ಸ್‌ಫರ್ಡಿನಲ್ಲಿ ಟೋಲ್ಕಿನ್, ಲೂಯಿಸ್, ಹ್ಯೂಗೊ ಡೈಸನ್ ಮೂವರು ಮಾತಾಡುತ್ತಾ ನಡೆದರು. ಲೂಯಿಸ್‌ಗೆ ಆ ಹೊತ್ತಿಗೆ ದೇವರಲ್ಲಿ ನಂಬಿಕೆ ಬಂದಿತ್ತು, ಕ್ರಿಸ್ತನಲ್ಲಿ ಇರಲಿಲ್ಲ. ಸತ್ತು ಎದ್ದು ಬರುವ ದೇವರ ಹಳೆಯ ಕತೆಗಳು ನಿನ್ನ ಮನಸ್ಸು ಕಲಕುತ್ತವಲ್ಲ, ಕ್ರಿಸ್ತನದೂ ಅಂಥದ್ದೇ ಕತೆ, ಆದರೆ ನಿಜವಾಗಿ ನಡೆದದ್ದು ಎಂಬ ವಾದ ಗೆಳೆಯರದು. ಕೆಲವೇ ದಿನಗಳಲ್ಲಿ ಲೂಯಿಸ್ ಕ್ರೈಸ್ತರಾದರು. ಪುರಾಣ ಸುಳ್ಳಲ್ಲ, ಸತ್ಯದ ಚೂರು ಎಂಬ ಈ ಮಾತಿನ ಮೇಲೆ ಮುಂದಿನ ಎಲ್ಲ ಕಾದಂಬರಿಗಳೂ ನಿಂತಿವೆ.

1950ರಿಂದ 1956ರವರೆಗೆ ಲೂಯಿಸ್ ಅವರ 'ನಾರ್ನಿಯಾ'ದ ಏಳು ಪುಸ್ತಕ ಬಂದವು. ಮೊದಲನೆಯದರಲ್ಲಿ ಮಿಠಾಯಿ ಆಸೆಗೆ ಅಣ್ಣ, ಅಕ್ಕ, ತಂಗಿಯನ್ನು ಹಿಡಿದುಕೊಟ್ಟ ಹುಡುಗನಿಗಾಗಿ ಅಸ್ಲಾನ್ ಎಂಬ ಸಿಂಹ ಪ್ರಾಣ ಕೊಡುತ್ತದೆ. ಅದು ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಹತ್ತಿರದ್ದು 1953ರ 'ದ ಸಿಲ್ವರ್ ಚೇರ್'. ನೆಲದಡಿಯ ರಾಣಿ ಧೂಪ ಹಾಕಿ, ತಂತಿವಾದ್ಯ ಮೀಟಿ, ಮಕ್ಕಳ ಮನಸ್ಸಿಗೆ ಮಂಕು ಕವಿಸುತ್ತಾಳೆ. ಸೂರ್ಯ ಇಲ್ಲ, ನೀವು ದೀಪ ನೋಡಿ ಕಟ್ಟಿಕೊಂಡ ಕನಸು ಅದು ಎನ್ನುತ್ತಾಳೆ. ಎಲ್ಲರೂ ಒಪ್ಪಿಬಿಡುವ ಹೊತ್ತಿಗೆ ಪಡಲ್‌ಗ್ಲಮ್ ಎಂಬ ಸದಾ ಕೊರಗುವ ಜೌಗುನೆಲದವನು ಎದ್ದು, ಬರಿಗಾಲಿನಲ್ಲಿ ಆ ಬೆಂಕಿ ತುಳಿದು ನಂದಿಸುತ್ತಾನೆ. ಕಾಲು ಸುಟ್ಟ ನೋವಿಗೆ ತಲೆ ತಿಳಿಯಾಗುತ್ತದೆ. ನೀನು ಹೇಳಿದ್ದೇ ನಿಜ ಇರಬಹುದು, ಆದರೂ ಅಸ್ಲಾನ್ ಇಲ್ಲದಿದ್ದರೂ ನಾನು ಅಸ್ಲಾನ್ ಕಡೆಯವನೇ ಎನ್ನುತ್ತಾನೆ. ಅವನಿಗೆ ವಾದದಲ್ಲಿ ಗೆಲ್ಲಲು ಬರಲಿಲ್ಲ. ಸುಟ್ಟ ಪಾದ ಒಂದೇ ಅವನ ಉತ್ತರ. ನಂಬಿಕೆಯ ಧೈರ್ಯ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಈ ಪುಟ ತೆರೆದು ಕೊಡುತ್ತೇನೆ.

ಗೆಳೆಯನ ಈ ಪುಸ್ತಕಗಳು ಟೋಲ್ಕಿನ್ ಅವರಿಗೆ ಹಿಡಿಸಲಿಲ್ಲ. ನಂಬಿಕೆ ಅಷ್ಟು ಮೇಲೆಯೇ ಕಾಣಬಾರದು ಎಂಬುದು ಅವರ ದಾರಿ. 1954-55ರಲ್ಲಿ ಬಂದ ಅವರ ಕತೆಯಲ್ಲಿ ಚರ್ಚು ಇಲ್ಲ, ಪಾದ್ರಿ ಇಲ್ಲ. ಆದರೂ 1953ರಲ್ಲಿ ರಾಬರ್ಟ್ ಮರ್‍ರೆ ಎಂಬ ಯೇಸುಸಭೆಯ ಗೆಳೆಯನಿಗೆ ಬರೆದ ಕಾಗದದಲ್ಲಿ, ಇದು ಮೂಲದಲ್ಲಿ ಧಾರ್ಮಿಕ, ಕ್ಯಾಥೊಲಿಕ್ ಕೃತಿಯೇ ಎಂದರು. ಮೊದಲು ಗೊತ್ತಿಲ್ಲದೆ, ತಿದ್ದುವಾಗ ಗೊತ್ತಿದ್ದೇ. ಉಂಗುರ ನಾಶವಾದ ದಿನ ಮಾರ್ಚ್ 25. ಮರಿಯಳಿಗೆ ದೇವದೂತ ಸುದ್ದಿ ತಂದ ಹಬ್ಬದ ದಿನ ಅದು. ಕ್ರಿಸ್ತ ಶಿಲುಬೆಗೇರಿದ್ದೂ ಅಂದೇ ಎಂದು ಹಳೆಯ ಇಂಗ್ಲೆಂಡಿನವರು ನಂಬಿದ್ದರು. ಕತೆಯಲ್ಲಿ ಈ ಬಗ್ಗೆ ಒಂದು ಮಾತೂ ಇಲ್ಲ.

ಆಮೇಲಿನ ಚರಿತ್ರೆ ಹೆಚ್ಚಾಗಿ ಅಮೆರಿಕದ್ದು. ಸ್ಟೀಫನ್ ಲಾಹೆಡ್ 1987ರಲ್ಲಿ 'ಟ್ಯಾಲಿಯೆಸಿನ್' ಮೂಲಕ ಆರ್ಥರ್ ರಾಜನ ಕತೆಯನ್ನು ಕ್ರೈಸ್ತ ನೆಲೆಗೆ ತಂದರು. ಕ್ರೈಸ್ತ ಪ್ರಕಾಶಕರು ಫ್ಯಾಂಟಸಿಗಾಗಿಯೇ ಪುಸ್ತಕ ತರತೊಡಗಿದರು. ಹ್ಯಾರಿ ಪಾಟರ್ ಬಂದಾಗ ಮಾಟಮಂತ್ರದ ಕತೆ ಮಕ್ಕಳಿಗೆ ಬೇಡ ಎಂದು ಅಲ್ಲಿನ ಕೆಲವು ಚರ್ಚುಗಳಲ್ಲಿ ಗದ್ದಲವಾಯಿತು. ಇತ್ತ ಇಂಗ್ಲೆಂಡಿನಲ್ಲಿ ಫಿಲಿಪ್ ಪುಲ್‌ಮನ್ 1995ರಿಂದ ಲೂಯಿಸ್‌ಗೆ ಎದುರಾಗಿಯೇ ಕಾದಂಬರಿ ಬರೆದರು. ಈ ಹೊತ್ತಿನ ಎಷ್ಟೋ ಕ್ರೈಸ್ತ ಫ್ಯಾಂಟಸಿಗಳು ನನಗೆ ರುಚಿಸುವುದಿಲ್ಲ, ಅದನ್ನು ಹೇಳಲೇಬೇಕು. ವೀರ ಪ್ರಾರ್ಥಿಸುತ್ತಾನೆ, ಕತ್ತಿ ಹೊಳೆಯುತ್ತದೆ, ಶತ್ರು ಸಾಯುತ್ತಾನೆ. ನಂಬಿಕೆ ಅಲ್ಲಿ ಇನ್ನೊಂದು ಆಯುಧ ಮಾತ್ರ. ಸೋಲಿನ ಭಯವೇ ಇಲ್ಲದವನಿಗೆ ನಂಬಿಕೆ ಯಾಕೆ ಬೇಕು?

ಎಲ್ಲವೂ ಹಾಗಿಲ್ಲ. ಆಂಡ್ರ್ಯೂ ಪೀಟರ್ಸನ್ ಎಂಬ ಹಾಡುಗಾರ 2008ರಿಂದ 2014ರವರೆಗೆ ಬರೆದ 'ವಿಂಗ್‌ಫೆದರ್ ಸಾಗಾ'ದಲ್ಲಿ ಹಿರಿಯ ಮಗ ರಾಜನಾಗುವುದಿಲ್ಲ. ತಮ್ಮನೇ ರಾಜ, ಅವನನ್ನು ಕಾಯುವುದು ಅಣ್ಣನ ಪಾಲು. ಲಕ್ಷ್ಮಣನ ಕತೆಯನ್ನು ತಿರುಗಿಸಿ ಹಿಡಿದ ಹಾಗೆ. ಆ ಅಣ್ಣನ ಹೊಟ್ಟೆಕಿಚ್ಚು, ಬೇಸರ, ಪ್ರೀತಿ ಎಲ್ಲವನ್ನೂ ಪೀಟರ್ಸನ್ ಪ್ರಾಮಾಣಿಕವಾಗಿ ಬರೆದಿದ್ದಾರೆ.

ಕೆರೆ ಏರಿಯ ಪ್ರಶ್ನೆಗೆ ಬರುತ್ತೇನೆ. ಫ್ರೋಡೊ ಸೋತರೂ ಲೋಕ ಉಳಿದದ್ದು ಗೊಲ್ಲಮ್ ಬದುಕಿದ್ದರಿಂದ. ಅವನನ್ನು ಕೊಲ್ಲುವ ಅವಕಾಶ ಫ್ರೋಡೊಗೂ ಇತ್ತು, ಸ್ಯಾಮ್‌ಗೂ ಇತ್ತು, ಎಲ್ಲಕ್ಕೂ ಮೊದಲು, ಫ್ರೋಡೊಗಿಂತ ಮುಂಚೆ ಉಂಗುರ ಇಟ್ಟುಕೊಂಡಿದ್ದ ಅವನ ಹಿರಿಯ ನೆಂಟ ಬಿಲ್ಬೊಗೆ ಇತ್ತು. ಬಿಲ್ಬೊನ ಕತೆ 'ಹಾಬಿಟ್' ಐದನೇ ಅಧ್ಯಾಯದಲ್ಲಿದೆ. 1937ರ ಮೊದಲ ಮುದ್ರಣದಲ್ಲಿ ಇಬ್ಬರೂ ಜಗಳವಿಲ್ಲದೆ ಬೇರೆಯಾಗುತ್ತಾರೆ. ದೊಡ್ಡ ಕತೆ ಬೆಳೆದ ಮೇಲೆ ಟೋಲ್ಕಿನ್ ಈ ಅಧ್ಯಾಯವನ್ನು ತಿದ್ದಿ 1947ರಲ್ಲಿ ಪ್ರಕಾಶಕರಿಗೆ ಕಳಿಸಿದರು, 1951ರ ಮುದ್ರಣದಲ್ಲಿ ಅದು ಬಂತು. ಇವತ್ತು ನಮ್ಮ ಕೈಗೆ ಸಿಗುವುದು ತಿದ್ದಿದ್ದೇ.

ಅದರಲ್ಲಿ ಬಿಲ್ಬೊ ಬೆಟ್ಟದ ಒಳಗಿನ ಸುರಂಗದಲ್ಲಿದ್ದಾನೆ. ಉಂಗುರ ತೊಟ್ಟಿದ್ದಾನೆ, ಯಾರ ಕಣ್ಣಿಗೂ ಕಾಣುವುದಿಲ್ಲ. ಕೈಯಲ್ಲಿ ಕತ್ತಿ ಇದೆ. ಹೊರಗೆ ಹೋಗುವ ದಾರಿಗೆ ಅಡ್ಡವಾಗಿ ಗೊಲ್ಲಮ್ ಕೂತಿದ್ದಾನೆ. ಒಂದೇ ಇರಿತ ಸಾಕು. ಆಗ ಬಿಲ್ಬೊಗೆ, ಬೆಳಕಿಲ್ಲದೆ, ಜೊತೆಯಿಲ್ಲದೆ, ಕಲ್ಲಿನ ನಡುವೆ ಕಳೆದ ಆ ಜೀವಿಯ ದಿನಗಳು ಒಮ್ಮೆಲೇ ಕಣ್ಣಿಗೆ ಕಟ್ಟುತ್ತವೆ. ಅವನು ಕತ್ತಿ ಬೀಸುವುದಿಲ್ಲ. ಗೊಲ್ಲಮ್ ತಲೆಯ ಮೇಲಿಂದ ಕತ್ತಲೆಗೆ ಹಾರುತ್ತಾನೆ.