ಸವಳು, ಜವಳು, ಕರಲು: ಮೂರಕ್ಕೂ ಒಂದೇ ಜಿಪ್ಸಂ ಅಲ್ಲ

ಉಪ್ಪು ಭೂಮಿ ಸರಿಪಡಿಸುವುದು ಹೇಗೆ ಅಂತ ಪರೀಕ್ಷೆಯಲ್ಲಿ ಪ್ರಶ್ನೆ ಬಂದರೆ ನಮ್ಮಲ್ಲಿ ಬಹಳ ಜನ ಮೊದಲ ಸಾಲಲ್ಲೇ ಜಿಪ್ಸಂ ಅಂತ ಬರೆದುಬಿಡುತ್ತೇವೆ. ನಾನೂ ಹಾಗೇ ಬರೆದು ಅಂಕ ಕಳೆದುಕೊಂಡವನು. ಜಿಪ್ಸಂ ಒಂದು ಕಾಯಿಲೆಗೆ ಮದ್ದು. ಇನ್ನೊಂದಕ್ಕೆ ಸುಮ್ನೆ ದುಡ್ಡು ದಂಡ.

ಮೊದಲು ಹೆಸರುಗಳು. ಸವಳು ಅಂದರೆ ಕರಗುವ ಉಪ್ಪು ಜಾಸ್ತಿ ಇರುವ ಮಣ್ಣು. ಬೇಸಿಗೆಯಲ್ಲಿ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗೆ ಕಾಣುತ್ತದೆ. ಕರಲು ಮಣ್ಣಿನಲ್ಲಿ ಸೋಡಿಯಂ ಕಣಕ್ಕೇ ಅಂಟಿಕೊಂಡಿರುತ್ತದೆ. ಒಣಗಿದರೆ ಕಲ್ಲು, ನೆನೆದರೆ ಅಂಟು ಕೆಸರು, ನೀರು ಇಂಗುವುದೇ ಇಲ್ಲ. ಜವಳು ಅಂದರೆ ನೀರು ಬಸಿಯದೆ ಬೇರಿನ ಮಟ್ಟದಲ್ಲೇ ನಿಂತ ಜಮೀನು. ಜವಳು ಉಪ್ಪಲ್ಲ, ಆದರೆ ನಮ್ಮ ಕಾಲುವೆ ಸೀಮೆಯಲ್ಲಿ ಸವಳನ್ನು ಹೆರುವುದು ಅದೇ.

ಅಂಕಿ ಹೀಗೆ. ಸವಳಿಗೆ ಇ.ಸಿ. (ವಿದ್ಯುತ್ ಹರಿವಿನಿಂದ ಉಪ್ಪು ಅಳೆಯುವ ಲೆಕ್ಕ) ಮೀಟರಿಗೆ 4 ಡೆಸಿಸೀಮೆನ್ಸ್‌ಗಿಂತ ಜಾಸ್ತಿ, ಪಿಎಚ್ (ಹುಳಿ-ಕ್ಷಾರದ ಅಳತೆ) 8.5ಕ್ಕಿಂತ ಕಡಿಮೆ. ಕರಲಿಗೆ ಪಿಎಚ್ 8.5 ದಾಟಿರುತ್ತದೆ, ಕಣ ಹಿಡಿದಿರುವ ಧನ ಅಯಾನುಗಳಲ್ಲಿ (ಕ್ಯಾಲ್ಸಿಯಂ, ಸೋಡಿಯಂನಂಥವು) ಸೋಡಿಯಂ ಪಾಲು, ಅಂದರೆ ಇಎಸ್‌ಪಿ, ಶೇ. 15 ಮೀರಿರುತ್ತದೆ. ಎರಡೂ ಸೇರಿದ ಮಣ್ಣೂ ಉಂಟು. ಇಲ್ಲೊಂದು ಗುಂಡಿ ಇದೆ, ಬೀಳಬೇಡಿ. ಆ 4 ಅನ್ನುವುದು ಮಣ್ಣನ್ನು ಪೂರ್ತಿ ನೆನೆಸಿ ಕೆಸರು ಮಾಡಿ, ಅದರಿಂದ ಹಿಂಡಿದ ನೀರಿನ ಅಳತೆ. ಆದರೆ ಪ್ರಯೋಗಾಲಯದವರು ಸಾಮಾನ್ಯವಾಗಿ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಕಲಸಿ ಅಳೆಯುತ್ತಾರೆ. ನೀರು ಜಾಸ್ತಿಯಾದರೆ ಉಪ್ಪು ತೆಳುವಾಗುತ್ತದೆ, ಅಲ್ವಾ? ಹಾಗಾಗಿ ಚೀಟಿಯಲ್ಲಿ 1.5 ಬಂದರೆ "ಮಣ್ಣು ಚೆನ್ನಾಗಿದೆ" ಅಂತ ಬೀಗುವಂತಿಲ್ಲ.

ಉಪ್ಪು ಬಂದದ್ದು ಎಲ್ಲಿಂದ? ಸಿಹಿನೀರಿನಿಂದಲೂ ಬರುತ್ತದೆ. ಲೀಟರಿಗೆ 200 ಮಿಲಿಗ್ರಾಂ ಉಪ್ಪಿರುವ ಒಳ್ಳೆ ಕಾಲುವೆ ನೀರು ಅಂತಲೇ ಇಟ್ಟುಕೊಳ್ಳಿ. ಒಂದು ಎಕರೆಗೆ ಒಂದು ಬೆಳೆಗೆ ಒಂದು ಮೀಟರ್ ಆಳದಷ್ಟು ನೀರು ಕೊಟ್ಟರೆ ಸುಮಾರು 800 ಕಿಲೋ ಉಪ್ಪು ಹೊಲಕ್ಕೆ ಬಂತು. ಐವತ್ತು ಕಿಲೋದ ಹದಿನಾರು ಚೀಲ! ಗಿಡ ನೀರು ಕುಡಿಯುತ್ತದೆ, ಉಪ್ಪನ್ನು ಹೆಚ್ಚುಕಮ್ಮಿ ಹಾಗೇ ಬಿಡುತ್ತದೆ. ಬಸಿದು ಹೋಗಲು ದಾರಿ ಇದ್ದರೆ ಚಿಂತೆಯಿಲ್ಲ. ಇಲ್ಲದಿದ್ದರೆ ಅಂತರ್ಜಲ ಮೇಲೇರಿ, ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಮಣ್ಣು ಉಪ್ಪುನೀರನ್ನು ಮೇಲಕ್ಕೆ ಎಳೆಯುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆ ಸೀಮೆಯಲ್ಲಿ ಆದದ್ದು ಇದೇ. 1953ರಿಂದ ನೀರು ಹರಿಯಿತು. ಯೋಜನೆಯಲ್ಲಿ ಬಹುಪಾಲು ಜಮೀನಿಗೆ ಲೆಕ್ಕ ಹಾಕಿದ್ದು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ. ಮೇಲ್ಭಾಗದ ಗಂಗಾವತಿ, ಸಿಂಧನೂರು ಕಡೆ ರೈತರು ಭತ್ತಕ್ಕೆ ಹೋದರು. ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ, ಮನೆ ಮುಂದೆ ನೀರು ಹರಿಯುವಾಗ ಯಾರು ಬಿಡುತ್ತಾರೆ? ಆದರೆ ಎರೆಮಣ್ಣಿನಲ್ಲಿ ನೀರು ಬಸಿಯುವುದೇ ನಿಧಾನ. ವಿಚಿತ್ರ ನೋಡಿ: ಹತ್ತಿ 7.7 ಇ.ಸಿ.ವರೆಗೆ, ಜೋಳ 6.8ರವರೆಗೆ ಇಳುವರಿ ಕಳೆದುಕೊಳ್ಳದೆ ತಡೆಯುತ್ತವೆ. ಭತ್ತ 3ಕ್ಕೇ ಸೋಲಲು ಶುರು. ಉಪ್ಪು ತಾಳುವ ಬೆಳೆ ಬಿಟ್ಟು ತಾಳದ ಬೆಳೆಗೆ ಹೋಗಿ, ಅದರ ನೀರಿನಿಂದಲೇ ಉಪ್ಪು ತಂದುಕೊಂಡೆವು. ಈಗ ಹತ್ತಿಗೆ ವಾಪಸ್ ಹೋಗೋಣ ಅಂದರೆ, ಜವಳಿನಲ್ಲಿ ಹತ್ತಿಯ ಬೇರು ಕೊಳೆಯುತ್ತದೆ.

ಇನ್ನು ಮದ್ದು. ಸವಳಿಗೆ ಮಣ್ಣನ್ನು ತೊಳೆಯಬೇಕು. ಬದು ಕಟ್ಟಿ, ಮಟ್ಟ ಮಾಡಿ, ಸಿಹಿನೀರು ನಿಲ್ಲಿಸಬೇಕು. ಇದಕ್ಕೆ ಜಿಪ್ಸಂ ಬೇಡ, ಅದೂ ಒಂದು ಉಪ್ಪೇ.

ಕರಲಿಗೆ ಜಿಪ್ಸಂ ಬೇಕು. ಅದರ ಕ್ಯಾಲ್ಸಿಯಂ ಬಂದು ಸೋಡಿಯಂ ಅನ್ನು ಕಣದಿಂದ ಎಬ್ಬಿಸುತ್ತದೆ. ಲೆಕ್ಕ ನೆನಪಿಡಿ: 100 ಗ್ರಾಂ ಮಣ್ಣಿನಲ್ಲಿ 1 ಮಿಲಿ ಈಕ್ವಿವಲೆಂಟ್ (ಅಯಾನು ಲೆಕ್ಕದ ಘಟಕ) ಸೋಡಿಯಂ ತೆಗೆಯಲು, ಮೇಲಿನ 15 ಸೆಂ.ಮೀ.ಗೆ, ಎಕರೆಗೆ ಸುಮಾರು 7 ಕ್ವಿಂಟಲ್ ಶುದ್ಧ ಜಿಪ್ಸಂ. ಸಿಇಸಿ, ಅಂದರೆ 100 ಗ್ರಾಂ ಮಣ್ಣು ಹಿಡಿದಿಡಬಲ್ಲ ಒಟ್ಟು ಧನ ಅಯಾನು, 40 ಘಟಕ ಇರುವ ಎರೆಯಲ್ಲಿ ಇಎಸ್‌ಪಿಯನ್ನು 25ರಿಂದ 15ಕ್ಕೆ ಇಳಿಸಬೇಕು ಅಂದರೆ 40ರ ಶೇ. 10, ಹೀಗೆ 4 ಘಟಕ ತೆಗೆಯಬೇಕು, ಅಂದರೆ 28 ಕ್ವಿಂಟಲ್. ಜಿಪ್ಸಂ ಶೇ. 70 ಶುದ್ಧವಾದರೆ 40 ಕ್ವಿಂಟಲ್. ಆಳಕ್ಕೆ ಉಳುಮೆ ಮಾಡಿ ಹೂಳಬೇಡಿ, ಮೇಲಿನ ಹತ್ತು ಸೆಂ.ಮೀ.ನಲ್ಲೇ ಬೆರೆಸಿ ನೀರು ನಿಲ್ಲಿಸಿ. ಆಮೇಲೆ ಡಯಂಚ ಅನ್ನುವ ಹಸಿರೆಲೆ ಗೊಬ್ಬರದ ಗಿಡ ಬಿತ್ತಿ ಹೂಬಿಡುವ ಮೊದಲು ಮಣ್ಣಿಗೆ ಸೇರಿಸಿದರೆ ಚಲೋ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಬಾಟಲಿಗೆ ಒಂದು ಹಿಡಿ ಮಣ್ಣು, ಮಳೆನೀರು ಹಾಕಿ ಕುಲುಕಿ ಬೆಳಿಗ್ಗೆವರೆಗೆ ಬಿಡಿ. ನೀರು ತಿಳಿಯಾಗಿದ್ದರೆ ಬರೀ ಸವಳಿರಬಹುದು. ಕದಡಿದ ಹಾಗೇ ಇದ್ದರೆ ಕರಲಿನ ಅನುಮಾನ ಪಡಿ, ಪ್ರಯೋಗಾಲಯಕ್ಕೆ ಕಳಿಸಿ.

ಎರಡೂ ಮದ್ದಿಗೆ ಬಸಿಗಾಲುವೆ ಬೇಕೇ ಬೇಕು. ಜಿಪ್ಸಂ ಎಬ್ಬಿಸಿದ ಸೋಡಿಯಂ ಆಗಲಿ, ತೊಳೆದ ಉಪ್ಪಾಗಲಿ ಮಾಯವಾಗುವುದಿಲ್ಲ, ಹೊರಗೆ ಹೋಗಬೇಕು. ತೆರೆದ ಕಾಲುವೆ ತೋಡಬಹುದು, ಇಲ್ಲವೇ ಒಂದು ಮೀಟರ್ ಆಸುಪಾಸು ಆಳದಲ್ಲಿ ತೂತಿನ ಪೈಪ್ ಹೂಳಬಹುದು. ಅದರ ಬಾಯಿ ಕೊನೆಗೆ ಹಳ್ಳಕ್ಕೆ ತೆರೆಯಬೇಕು. ಹಳ್ಳಕ್ಕೆ ಹೋಗುವ ದಾರಿ ಕೆಳಗಿನ ಹೊಲದ ಮೇಲೆ ಹಾದುಹೋಗುತ್ತದೆ. ಆ ಹೊಲದವರು ಒಪ್ಪಿದರೂ, ಇನ್ನೂ ಕೆಳಗೆ ಅದೇ ಹಳ್ಳಕ್ಕೆ ಪಂಪ್ ಇಟ್ಟವರು ಇರುತ್ತಾರೆ. ಅವರ ಗದ್ದೆಗೆ ಹೋಗುವುದು ನಮ್ಮ ಉಪ್ಪುನೀರು.